ತೊಂಬತ್ತಾರನೆಯ ಕುಳಿ

ಶೂನ್ಯಕ್ಕನಿಗೆ ಆ ಹೆಸರು ಇಟ್ಟವನು ನಾನೇ. ಅದರಲ್ಲಿ ಕೊಂಕೇನೂ ಇರಲಿಲ್ಲ. ನನಗೆ ‘ಕತ್ತರಿ’ ಎಂದು ಹೆಸರಿಟ್ಟವಳು ಅವಳು. ಅದರಲ್ಲಿ ಮಾತ್ರ ಕೊಂಕಿತ್ತು. ಹದಿನೇಳು ವರ್ಷದಿಂದ ನಾವಿಬ್ಬರೂ ಒಂದೇ ಕಟ್ಟಡದ ಹಿಂಬಾಗಿಲ ಪಕ್ಕದ ಎರಡು ಕೋಣೆಗಳಲ್ಲಿ ಕೆಲಸ ಮಾಡಿದ್ದೇವೆ. ನನ್ನ ಕೋಣೆಯಲ್ಲಿ ಉದ್ದನೆಯ ಸ್ಟೀಲ್ ಮೇಜು, ಮೇಲೊಂದು ನಲ್ಲಿ, ನೆಲದಲ್ಲಿ ಜಾಲರಿ. ಅವಳ ಕೋಣೆಯಲ್ಲಿ ಬಿಳಿ ಮೇಜು, ಬಿಳಿ ದೀಪ, ಬಿಳಿ ಗೋಡೆ. ನಡುವೆ ಗಾಜು, ಗಾಜಿನಲ್ಲೊಂದು ಕಂಡಿ. ಆ ಕಂಡಿಯಿಂದ ನಾನು ರಕ್ತದ ಕೊಳವೆಗಳನ್ನು ಆಚೆ ಕೊಡುತ್ತಿದ್ದೆ, ಅವಳು ಬೈಗುಳವನ್ನು ಈಚೆ ಕೊಡುತ್ತಿದ್ದಳು.

ನಮ್ಮ ಕೆಲಸವನ್ನು ಹೊರಗಿನವರಿಗೆ ಹೇಳುವುದು ಕಷ್ಟ. ಗಾಡಿಗೆ ಸಿಕ್ಕ ನರಿ, ತಂತಿ ತಗುಲಿ ಬಿದ್ದ ಗೂಬೆ, ಯಾರದೋ ಬಾವಿಯಲ್ಲಿ ತೇಲಿದ ಮುಂಗುಸಿ, ಕಾರಣವೇ ಗೊತ್ತಿಲ್ಲದೆ ಸತ್ತ ಕಾಗೆ, ಎಲ್ಲವೂ ಹಿಂಬಾಗಿಲಿಗೆ ಬರುತ್ತವೆ. ನಾನು ಕೊಯ್ದು ಹೃದಯದಿಂದ ರಕ್ತ ತೆಗೆಯುತ್ತೇನೆ. ಮನೆಯಲ್ಲಿ ನನ್ನ ಹೆಂಡತಿ ತರಕಾರಿ ಹೆಚ್ಚಲು ಕೂಡ ನನಗೆ ಚಾಕು ಕೊಡುವುದಿಲ್ಲ. ಅಕ್ಕ ಆ ರಕ್ತದ ತಿಳಿಯನ್ನು ತೆಗೆದು, ಪ್ರಾಣಿ ಬದುಕಿದ್ದಾಗ ಒಂದು ಪರೋಪಜೀವಿಯ ಸಂಪರ್ಕಕ್ಕೆ ಬಂದಿತ್ತೇ ಇಲ್ಲವೇ ಎಂದು ನೋಡುತ್ತಾಳೆ. ಕಣ್ಣಿಗೆ ಕಾಣದ ಆ ಜೀವಿ ಬೆಕ್ಕಿನ ಹೊಟ್ಟೆಯಲ್ಲಿ ಹೆಚ್ಚಿ, ಮಲದ ಜೊತೆ ಮಣ್ಣಿಗಿಳಿದು, ಮಣ್ಣಿನಿಂದ ಸೊಪ್ಪಿಗೆ, ನೀರಿಗೆ, ಹುಳುವಿಗೆ, ಹುಳು ತಿಂದ ಹಕ್ಕಿಗೆ, ಹಕ್ಕಿ ತಿಂದ ನರಿಗೆ, ಕೊನೆಗೆ ಮನುಷ್ಯರಿಗೂ ದಾಟುತ್ತದೆ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರೂ ಇಲ್ಲ. ಹಾಗಾಗಿ ಅದು ಎಲ್ಲೆಲ್ಲಿ ಹೋಗಿ ಬಂದಿದೆ ಎಂದು ಹುಡುಕುವುದಷ್ಟೇ ನಮ್ಮ ಪಾಲಿನ ಕೆಲಸ.

ಹುಡುಕುವ ಬಗೆಯೂ ತುಸು ತಲೆಕೆಳಗಾದದ್ದೇ. ಅಂಗೈಯಗಲದ ಪ್ಲಾಸ್ಟಿಕ್ ಹಲಗೆಯಲ್ಲಿ ತೊಂಬತ್ತಾರು ಪುಟ್ಟ ಕುಳಿಗಳು. ಒಂದೊಂದರಲ್ಲೂ ಒಂದೊಂದು ಪ್ರಾಣಿಯ ರಕ್ತದ ತಿಳಿ, ಜೊತೆಗೆ ಕೊಂದು ಬಣ್ಣ ಹಾಕಿದ ಪರೋಪಜೀವಿ. ಮುಚ್ಚಿಟ್ಟು ಮರುದಿನ ಬೆಳಿಗ್ಗೆ ನೋಡಬೇಕು. ಪ್ರಾಣಿಗೆ ಹಿಂದೆ ಸೋಂಕು ತಗುಲಿದ್ದರೆ ಬಣ್ಣ ಕುಳಿಯ ತಳದ ತುಂಬ ಚಾಪೆಯಂತೆ ಹರಡಿರುತ್ತದೆ. ತಗುಲಿಲ್ಲದಿದ್ದರೆ ಎಲ್ಲ ಜಾರಿ ತಳದಲ್ಲಿ ಒಂದು ಚುಕ್ಕೆಯಾಗಿ ಕೂತಿರುತ್ತದೆ. ಹೊಸಬರೆಲ್ಲ ಎದ್ದು ಕಾಣುವ ಚುಕ್ಕೆಯನ್ನೇ ‘ಹೌದು’ ಎಂದು ಓದುತ್ತಾರೆ. ಅಕ್ಕ ಅವರಿಗೆಲ್ಲ ಒಂದೇ ಪಾಠ ಹೇಳುತ್ತಿದ್ದಳು: ಚಾಪೆ ಹಾಸಿದ್ದರೆ ನೆಂಟರು ಬಂದು ಹೋಗಿದ್ದಾರೆ ಎಂದು ತಿಳಿಯಿರಿ. ಕಾಗೆಗೂ ನರಿಗೂ ಮನುಷ್ಯರಿಗೂ ಪರೀಕ್ಷೆ ಇದೊಂದೇ.

ಪ್ರತಿ ಹಲಗೆಯಲ್ಲೂ ಎರಡು ಕುಳಿಗಳ ಉತ್ತರ ನಮಗೆ ಮೊದಲೇ ಗೊತ್ತಿರಬೇಕು. ಒಂದು ಹೌದು ಎನ್ನಲೇಬೇಕು, ಇನ್ನೊಂದು ಇಲ್ಲ ಎನ್ನಲೇಬೇಕು. ಅವು ಸರಿಯಿದ್ದರೆ ಮಾತ್ರ ಉಳಿದದ್ದನ್ನು ನಂಬುವುದು. ಹೌದಿಗೆ ಒಂದು ಕುರಿಯ ರಕ್ತದ ತಿಳಿ ಇತ್ತು. ಇಲ್ಲಕ್ಕೆ, ಕೊನೆಯ ಕುಳಿಗೆ, ಅಕ್ಕನ ರಕ್ತ. ಪ್ರಯೋಗಾಲಯ ಶುರುವಾದ ವರ್ಷ ಏಳು ಜನ ಸಿಬ್ಬಂದಿಯ ರಕ್ತ ನೋಡಿದಾಗ ಚುಕ್ಕೆ ಬಂದದ್ದು ಅವಳೊಬ್ಬಳಿಗೇ; ಅವಳು ಶೂನ್ಯಕ್ಕ ಆದದ್ದೇ ಹಾಗೆ. ಅಂದಿನಿಂದ ಇಪ್ಪತ್ತು ವರ್ಷ, ವರ್ಷಕ್ಕೊಮ್ಮೆ ತೋಳು ಚಾಚಿ ಕೊಡುತ್ತಿದ್ದಳು. ನಾವು ಅದನ್ನು ಸಣ್ಣ ಸೀಸೆಗಳಲ್ಲಿ ತುಂಬಿ ಫ್ರೀಜರಿನಲ್ಲಿಡುತ್ತಿದ್ದೆವು. ಈ ಊರಿನ ಅದೆಷ್ಟು ಸಾವಿರ ಕಾಗೆ, ಅಳಿಲುಗಳ ಹಣೆಬರಹ ಅವಳ ಒಂದು ಹನಿಯ ಪಕ್ಕದಲ್ಲಿ ಕೂತು ತೀರ್ಮಾನವಾಗಿದೆಯೋ ಲೆಕ್ಕವಿಲ್ಲ. ಅವಳಿಗೆ ಇದರ ಜಂಬ ಇತ್ತು. ಗಂಡ ಬೇಗ ತೀರಿಕೊಂಡ, ಮಗಳನ್ನು ಒಬ್ಬಳೇ ಸಾಕಿದಳು, ಓದು ಅರ್ಧಕ್ಕೆ ನಿಂತಿತ್ತು. ಜಂಬಪಡಲು ಬೇರೇನೂ ಸಿಕ್ಕಿರಲಿಲ್ಲ. “ನಮ್ಮನೆ ಶುದ್ಧ ಇದೆ ಕಣೋ, ಅದಕ್ಕೆ” ಎನ್ನುತ್ತಿದ್ದಳು.

ಹೋದ ವರ್ಷ ಒಂದು ಸೋಮವಾರ ಬೆಳಿಗ್ಗೆ ಕೊನೆಯ ಕುಳಿಯಲ್ಲಿ ಚಾಪೆ ಹಾಸಿತ್ತು.

ಹಿಂದಿನ ವಾರ ತೆಗೆದ ಹೊಸ ರಕ್ತವನ್ನು ಮೊದಲ ಸಲ ಹಾಕಿದ ಹಲಗೆ ಅದು. ಅಕ್ಕ ಅದನ್ನು ದೀಪಕ್ಕೆ ಹಿಡಿದಳು, ತಿರುಗಿಸಿದಳು, ಕನ್ನಡಕ ಒರೆಸಿದಳು. ಆಮೇಲೆ ಕಂಡಿಯಿಂದ ನನ್ನನ್ನು ನೋಡಿ, ಸೀಸೆಗೆ ಚೀಟಿ ಅಂಟಿಸಿದವರು ಯಾರು ಎಂದು ಕೇಳಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ; ನಾನು ನಿಜವಾಗಿಯೂ ಹೆಗಲು ಮುಟ್ಟಿಕೊಂಡೆ. ಅಂಟಿಸಿದವನು ನಾನೇ. ಅದೇ ದಿನ ಮೂರು ನರಿಗಳ ರಕ್ತವನ್ನೂ ತೆಗೆದಿದ್ದೆ. ಹೆಸರು ಅದಲುಬದಲಾಗಿ ಅಕ್ಕನ ಜಾಗದಲ್ಲಿ ನರಿ ಕೂತಿರಬಹುದು ಎಂದು ಮೇಡಂ ಹೇಳಿದರು. ಮೇಡಂ ಎಂದರೆ ನಮ್ಮ ಪ್ರಯೋಗಾಲಯದ ಮುಖ್ಯಸ್ಥೆ, ಮೆಲುಮಾತಿನವರು. ಅವರು ಮೆಲ್ಲಗೆ ಹೇಳಿದಷ್ಟೂ ನನಗೆ ಜೋರಾಗಿ ಕೇಳಿಸಿತು. ಬೈಸಿಕೊಳ್ಳಲು ತಯಾರಾಗಿಯೇ ನಿಂತೆ.

ಮತ್ತೆ ಅಕ್ಕನ ತೋಳಿನಿಂದ ಹೊಸದಾಗಿ ರಕ್ತ ತೆಗೆದೆವು. ಚೀಟಿಯನ್ನು ಮೇಡಂ ತಾವೇ ಬರೆದರು. ಮರುದಿನವೂ ಚಾಪೆ. ಪರೀಕ್ಷೆಯ ದ್ರಾವಣವೇ ಕೆಟ್ಟಿರಬೇಕೆಂದು ಹಿಂದಿನ ವರ್ಷದ ಸೀಸೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ಅಲ್ಲಿ ಎಂದಿನ ಚುಕ್ಕೆ, ದುಂಡಗೆ. ದ್ರಾವಣ ಸರಿಯಿತ್ತು, ಹಲಗೆ ಸರಿಯಿತ್ತು, ನನ್ನ ಚೀಟಿಯೂ ಸರಿಯಿತ್ತು. ಹಳೆಯ ಸೀಸೆಗಳಿಂದ ಮಾಡಿದ ಪರೀಕ್ಷೆಗಳಿಗೂ ಕುತ್ತಿಲ್ಲವೆಂದು ಮೇಡಂ ಉಸಿರು ಬಿಟ್ಟರು. ಅಕ್ಕ ಮಾತ್ರ ಬದಲಾಗಿದ್ದಳು. ಕಳೆದ ಹನ್ನೆರಡು ತಿಂಗಳಲ್ಲಿ ಎಂದೋ, ಎಲ್ಲಿಯೋ, ಆ ನೆಂಟ ಅವಳ ಮೈಯೊಳಗೂ ಬಂದಿದ್ದ.

ಇಷ್ಟೇ ಆಗಿದ್ದರೆ ನಾವು ನಕ್ಕು ಸುಮ್ಮನಾಗುತ್ತಿದ್ದೆವು. ಗಟ್ಟಿಮುಟ್ಟಾದ ಮನುಷ್ಯರಿಗೆ ಇದರಿಂದ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಒಂದು ಸಣ್ಣ ಜ್ವರ, ಅದೂ ಗಮನಕ್ಕೆ ಬಂದರೆ. ಆದರೆ ಅಕ್ಕನ ಮಗಳು ಆಗ ನಾಲ್ಕು ತಿಂಗಳ ಬಸುರಿ. ಮಗಳು ಅಳಿಯ ಇರುವುದು ಅಕ್ಕನ ಮನೆಯಲ್ಲೇ, ಮಹಡಿಯ ಮೇಲೆ. ಉಣ್ಣುವುದು ಒಂದೇ ಅಡುಗೆ. ಬಸಿರಿನಲ್ಲಿರುವಾಗ ಮೊದಲ ಸಲ ಈ ಸೋಂಕು ತಗುಲಿದರೆ ಅದು ಮಗುವಿಗೂ ದಾಟಬಹುದು. ಕಣ್ಣು, ಮೆದುಳಿಗೆ ಅಪಾಯ. ಅದೇ ಸೋಂಕು ಎಷ್ಟೋ ವರ್ಷದ ಹಿಂದೆ ತಗುಲಿ ಹೋಗಿದ್ದರೆ ಹೆದರಬೇಕಿಲ್ಲ, ಮೈ ಅಷ್ಟರಲ್ಲಿ ಅದನ್ನು ತಡೆಯಲು ಕಲಿತಿರುತ್ತದೆ. ಶಾಲೆ ಮಕ್ಕಳು ಬಂದಾಗಲೆಲ್ಲ ಅಕ್ಕ ಇದನ್ನು ಚಿತ್ರ ತೋರಿಸಿ ವಿವರಿಸುತ್ತಿದ್ದಳು.

ಈಗ ಅವಳ ತಲೆ ಕೆಟ್ಟಿತು. ಕೋಣೆಯ ಸ್ಟೂಲಿನ ಮೇಲೆ ಕೂತು ವರ್ಷವಿಡೀ ಹಿಂದಕ್ಕೆ ನಡೆದಳು. ಕೈಗವಸು ಸೀಳಿದ್ದು ಯಾವ ತಿಂಗಳು? ನರಿಯ ರಕ್ತದ ಕೊಳವೆ ಒಡೆದದ್ದು ಮಳೆಗಾಲದಲ್ಲೋ ಬೇಸಿಗೆಯಲ್ಲೋ? ಇಲ್ಲಿ ತಗುಲಿದ್ದಾದರೆ ತನ್ನೊಬ್ಬಳಿಗೇ ತಗುಲಿದೆ, ಮಗಳಿಗೆ ಏನೂ ಇಲ್ಲ. ಮನೆಯಲ್ಲಿ ತಗುಲಿದ್ದಾದರೆ? ಮನೆಯ ಹಿಂದೆ ಹಾಸಿಗೆಯಗಲದ ಕೈತೋಟವಿತ್ತು, ಸೊಪ್ಪು ಮೂಲಂಗಿ ಕ್ಯಾರೆಟ್ಟು. ಪಕ್ಕದ ಮನೆಯ ಬೂದು ಬೆಕ್ಕಿಗೆ ಅಲ್ಲಿನ ಸಡಿಲ ಮಣ್ಣು ಬಹಳ ಇಷ್ಟ. ಇಲ್ಲಿ ಎರಡೆರಡು ಕೈಗವಸು ಹಾಕುವ ಅಕ್ಕ ಅಲ್ಲಿ ಬರಿಗೈಯಲ್ಲಿ ಮಣ್ಣು ಕೆದಕುತ್ತಿದ್ದಳು. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಸುಮ್ಮನೆ ಅಲ್ಲ. ಮಗಳು ಕ್ಯಾರೆಟ್ಟನ್ನು ಕಿತ್ತು ಸೆರಗಿಗೆ ಒರೆಸಿ ಕಚ್ಚುವವಳು.

“ಇಲ್ಲೇ ತಗುಲಿರಲಿ ಕತ್ತರಿ” ಎಂದಳು ಒಂದು ಮಧ್ಯಾಹ್ನ. “ನೀನೇ ಏನೋ ಚೆಲ್ಲಿದ್ದೆ ಅಂತ ಹೇಳು. ನಾನು ಬೈಯಲ್ಲ.”

ಹದಿನೇಳು ವರ್ಷದಲ್ಲಿ ನನ್ನ ತಪ್ಪಿಗಾಗಿ ಅವಳು ಆಸೆಪಟ್ಟದ್ದು ಅದೊಂದೇ ಸಲ. ಹೇಳಿಬಿಡೋಣ ಅನ್ನಿಸಿತು. ಆದರೆ ಚೆಲ್ಲಿದ ನೆನಪಿಲ್ಲ, ಚೆಲ್ಲಿಲ್ಲ ಎಂಬ ಖಾತ್ರಿಯೂ ಇಲ್ಲ. ಸುಳ್ಳು ಸಮಾಧಾನ ಹೇಳಿ ನಾಳೆ ಮಗುವಿಗೆ ಏನಾದರೂ ಆದರೆ? ಆಸ್ಪತ್ರೆಗೆ ಹೋಗಿ ಡಾಕ್ಟರಿಗೆ ಹೇಳಿ ಎಂದೆ, ಸ್ವಲ್ಪ ರೇಗಿಯೇ ಹೇಳಿದೆ. ಅವಳು ಮಗಳಿಗೆ ಹೇಳದೆ ಒಬ್ಬಳೇ ಹೋಗಿ ಕೇಳಿ ಬಂದಳಂತೆ. ಮಗಳನ್ನು ಕರೆತನ್ನಿ, ರಕ್ತ ಹೊರಗೆ ಕಳಿಸಬೇಕು, ಉತ್ತರಕ್ಕೆ ಹತ್ತು ದಿನ ಎಂದರಂತೆ. ಮಗಳಿಗೆ ಹೇಗೆ ಹೇಳುವುದೆಂದು ತಿಳಿಯದೆ ಅಲ್ಲಿಗೇ ಬಿಟ್ಟಳು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡು ಓಡಾಡಿದಳು.

ಮನೆಯಲ್ಲಿ ಅವಳು ಮಾಡಿದ ರಂಪ ನನಗೆ ಆಮೇಲೆ ಗೊತ್ತಾಯಿತು. ಕೈತೋಟವನ್ನು ಒಂದೇ ಬೆಳಿಗ್ಗೆ ಬೇರುಸಹಿತ ಕಿತ್ತು ಮೇಲೆ ಸುಣ್ಣ ಸುರಿದಳು. ಬೆಕ್ಕಿಗೆ ಕಲ್ಲು ಬೀರಿ ಪಕ್ಕದ ಮನೆಯವರ ಹತ್ತಿರ ಜಗಳ ತಂದುಕೊಂಡಳು. ಮಗಳ ಕೈಯಿಂದ ಟೊಮೆಟೊ ಕಿತ್ತುಕೊಂಡಳು. ತನ್ನ ತಟ್ಟೆ ಲೋಟ ಬೇರೆ ಇಟ್ಟಳು, ಮಗಳು ಹತ್ತಿರ ಬಂದರೆ ಏನೋ ನೆಪ ಹೇಳಿ ಎದ್ದು ಹೋದಳು. ಇದು ಉಸಿರಿನಿಂದ, ಮುಟ್ಟುವುದರಿಂದ, ತಟ್ಟೆ ಲೋಟದಿಂದ ದಾಟುವಂಥದ್ದಲ್ಲ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ನಮ್ಮ ಕಟ್ಟಡದಲ್ಲೇ ಇರಲಿಲ್ಲ. ಆದರೂ ಹಾಗೆ ಮಾಡಿದಳು. ತಲೆಗೆ ಗೊತ್ತಿದ್ದದ್ದು ಕೈಗೆ ಇಳಿಯಲಿಲ್ಲ. ಅಳಿಯ ಒಂದು ಸಂಜೆ ನನಗೆ ಫೋನ್ ಮಾಡಿ, ಅತ್ತೆಗೆ ಈ ಮಗು ಬೇಡವಾ ಎಂದು ಕೇಳಿದ.

ಏಳನೆಯ ದಿನ ಅವಳು ಮಗಳಿಗೆ ಸುಳ್ಳು ಹೇಳಿದಳು. ಮುಖ ಬಿಳಿಚಿಕೊಂಡಿದೆ, ರಕ್ತ ಕಡಿಮೆಯಾಗಿದೆಯೋ ನೋಡೋಣ ಎಂದು ಒಂದು ಕೊಳವೆ ರಕ್ತ ತೆಗೆದು ಚೀಲದಲ್ಲಿಟ್ಟುಕೊಂಡು ಬಂದಳು. ಹೀಗೆ ಹೇಳದೆ ಕೇಳದೆ ಮಾಡುವುದು ತಪ್ಪು, ಅದು ಅವಳಿಗೂ ಗೊತ್ತು ನನಗೂ ಗೊತ್ತು. ಹಲಗೆಗೆ ಹಾಕುವಾಗ ಯಾವ ಉತ್ತರಕ್ಕಾಗಿ ಹಾರೈಸಬೇಕು ಎಂದೇ ತಿಳಿಯುತ್ತಿಲ್ಲ ಎಂದಳು. ಚುಕ್ಕೆ ಬಂದರೆ ಮಗಳಿಗೆ ಈವರೆಗೆ ತಗುಲಿಲ್ಲ, ಮುಂದೆ ಹುಷಾರಾಗಿದ್ದರೆ ಸಾಕು. ಚಾಪೆ ಬಂದರೆ? ಹಳೆಯದೋ ಹೊಸದೋ ಚಾಪೆ ಹೇಳುವುದಿಲ್ಲ. ನೆಂಟರು ಬಂದು ಹೋಗಿದ್ದಾರೆ ಎನ್ನುತ್ತದೆಯೇ ಹೊರತು ಯಾವಾಗ ಎನ್ನುವುದಿಲ್ಲ.

ಎಂಟನೆಯ ದಿನ ಬೆಳಿಗ್ಗೆ ಚಾಪೆ ಬಂದಿತ್ತು. ಅಕ್ಕ ಹಲಗೆಯನ್ನು ಕೆಳಗಿಟ್ಟು, ಕೈಗವಸು ಬಿಚ್ಚಿ, ಅಲ್ಲೇ ನೆಲದ ಮೇಲೆ ಕೂತಳು. ಅಳಲೂ ಇಲ್ಲ. ನನ್ನ ಕೈಯಾರೆ ಬೆಳೆದು ತಿನ್ನಿಸಿದೆ ಎಂದು ಗೋಡೆಗೆ ಹೇಳುತ್ತಿದ್ದಳು.

ಇಲ್ಲಿ ನಾನು ಬಾಯಿ ಬಿಡಲೇಬೇಕಾಯಿತು. ಎಂಟು ದಿನದಿಂದ ಒಂದು ಸಂಗತಿ ನನ್ನ ತಲೆಯಲ್ಲಿ ಹುಳದಂತೆ ಕೊರೆಯುತ್ತಿತ್ತು, ಹೇಳಲು ಧೈರ್ಯವಿರಲಿಲ್ಲ. ನಾನು ಕೆಲಸಕ್ಕೆ ಸೇರಿದ ಮೊದಲ ತಿಂಗಳು ಶಾಲೆಗೆ ರಜ. ಹತ್ತು ವರ್ಷದ ಈ ಮಗಳು ದಿನವೂ ಅಮ್ಮನ ಜೊತೆ ಬಂದು ಕಾರಿಡಾರಿನಲ್ಲಿ ಚಿತ್ರ ಬರೆಯುತ್ತಿದ್ದಳು. ನನಗೋ ಹಲಗೆ ಓದುವುದನ್ನೂ ಕಲಿಯಬೇಕೆಂಬ ಆಸೆ. ಅಕ್ಕ ಊಟಕ್ಕೆ ಹೋದಾಗ ಒಂದು ದಿನ ಅವಳು “ನಂದು ತಗೊಳ್ಳಿ ಮಾಮ” ಎಂದು ತೋಳು ಚಾಚಿದಳು. ಬುದ್ಧಿಯಿರುವವನು ಬೇಡ ಎನ್ನುತ್ತಿದ್ದ. ನಾನು ತೆಗೆದೆ. ಅಳಿಲುಗಳ ಹಲಗೆಯಲ್ಲಿ ಉಳಿದಿದ್ದ ಒಂದು ಕುಳಿಗೆ ಹಾಕಿದೆ. ಅಕ್ಕನಿಗೆ ಗೊತ್ತಾದರೆ ಚರ್ಮ ಸುಲಿಯುತ್ತಾಳೆಂದು ದಾಖಲೆಯಲ್ಲಿ ಅವಳನ್ನೂ ಪ್ರಾಣಿಯಂತೆಯೇ ತುಂಬಿದೆ. ನಮ್ಮ ದಾಖಲೆ ಪುಸ್ತಕದಲ್ಲಿ ಇರುವುದು ಎರಡೇ ಅಂಕಣ, ಹಕ್ಕಿ ಅಥವಾ ಸಸ್ತನಿ. ಸಸ್ತನಿ ಎಂದು ಬರೆದೆ. ಹೆಣ್ಣು. ಮರಿ. ಸಿಕ್ಕ ಜಾಗ: ಕಾರಿಡಾರ್. ಫಲಿತಾಂಶ: ಹೌದು.

ಇದನ್ನೆಲ್ಲ ಹೇಳಿ ಮುಗಿಸಿದಾಗ ಅಕ್ಕ ನನ್ನ ಕೆನ್ನೆಗೆ ಒಂದು ಬಿಟ್ಟಳು. ನಿರೀಕ್ಷಿಸಿದ್ದೆ. ಆಮೇಲೆ ಅವಳ ಮುಖ ಬೆಳಗತೊಡಗಿತು. ಹತ್ತು ವರ್ಷಕ್ಕೇ ಹೌದಾಗಿದ್ದರೆ ಈಗಿನದು ಹಳೆಯ ಚಾಪೆ, ಮಗು ಬಚಾವು. ನಾನು ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

“ಅಕ್ಕ, ಆಗ ನಂಗೆ ಓದೋಕೆ ಬರ್ತಿರಲಿಲ್ಲ” ಎಂದೆ. “ಒಂದು ತಿಂಗಳು ಪೂರ್ತಿ ಚುಕ್ಕೆ ನೋಡಿ ಹೌದು ಅಂತ ಬರೀತಿದ್ದೆ. ನೀವೇ ಆಮೇಲೆ ತಿದ್ದಿದ್ರಿ.”

ಅವಳು ನನ್ನನ್ನು ನೋಡಿದ ನೋಟ ಇನ್ನೂ ಕಣ್ಣಿನಲ್ಲಿದೆ. ದಾಖಲೆ ಪುಸ್ತಕ ತೆಗೆದೆವು. ಆ ಪುಟದಲ್ಲಿ ಅಳಿಲುಗಳ ಸಾಲಿನಲ್ಲಿ ನನ್ನ ‘ಹೌದು’ಗಳನ್ನೆಲ್ಲ ಅಕ್ಕ ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದ್ದಳು, ಹಲಗೆ ನೋಡಿ ಸರಿಪಡಿಸಿದ್ದಳು. ಕಾರಿಡಾರಿನ ಮರಿಯ ಮುಂದೆ ಮಾತ್ರ ಗೆರೆಯೂ ಇರಲಿಲ್ಲ, ಸರಿ ಗುರುತೂ ಇರಲಿಲ್ಲ. ಅವಳು ನೋಡುವ ಹೊತ್ತಿಗೆ ನಾನು ಹೆದರಿ ಆ ಕುಳಿಯನ್ನು ತೊಳೆದುಬಿಟ್ಟಿದ್ದೆನೋ? ಅವಳಿಗೆ ನೆನಪಿಲ್ಲ, ನನಗೂ ಇಲ್ಲ. ಆ ದಿನ ಕಂಡದ್ದು ಚಾಪೆಯೋ ಚುಕ್ಕೆಯೋ ಎಂದು ಕಣ್ಣು ಮುಚ್ಚಿ ಎಷ್ಟು ತಿಣುಕಿದರೂ ಒಮ್ಮೆ ಇದು ಕಾಣುತ್ತಿತ್ತು, ಒಮ್ಮೆ ಅದು. ನನ್ನ ಕೈಬರಹದ ಆ ಒಂದು ‘ಹೌದು’ ಹೌದೇ ಆಗಿದ್ದರೆ ಮಗು ಉಳಿಯಿತು. ಅದು ತಲೆಕೆಳಗಾದ ‘ಇಲ್ಲ’ ಆಗಿದ್ದರೆ ನಾವು ಇದ್ದಲ್ಲೇ ಇದ್ದೆವು.

ಮೇಡಂಗೆ ಹೇಳಿದೆವು. ಅವರು ನಮ್ಮಿಬ್ಬರನ್ನೂ ಬೈದರು, ಮೆಲ್ಲಗೆ. ಆಮೇಲೆ, ಆ ತಿಳಿಯಲ್ಲಿ ಉಳಿದದ್ದು ಏನಾಯಿತು ಎಂದು ಕೇಳಿದರು. ನಮ್ಮಲ್ಲಿ ಏನನ್ನೂ ಎಸೆಯುವ ಪದ್ಧತಿಯಿಲ್ಲ. ನೆಲಮಾಳಿಗೆಯಲ್ಲಿ ಎರಡು ಹಳೆಯ ಫ್ರೀಜರುಗಳಿವೆ. ನಾನೂ ಅಕ್ಕನೂ ಉಣ್ಣೆಯ ಕೈಗವಸು ತೊಟ್ಟು ಮಂಜುಗಡ್ಡೆ ಕೆರೆದು ಪೆಟ್ಟಿಗೆ ಮೇಲೆ ಪೆಟ್ಟಿಗೆ ತೆಗೆದೆವು. ಪಾರಿವಾಳ, ಪಾರಿವಾಳ, ಮುಂಗುಸಿ, ಬಾವಲಿ. ಕೆಲವು ಚೀಟಿಗಳಲ್ಲಿ ಅಕ್ಷರವೇ ಅಳಿಸಿತ್ತು. ಅಕ್ಕ ಬೈಯದೇ ಇದ್ದದ್ದರಿಂದ ನನಗೆ ಹೆಚ್ಚು ನೋವಾಯಿತು. ನಾಲ್ಕು ಗಂಟೆಯ ಹೊತ್ತಿಗೆ ಎರಡನೆಯ ಫ್ರೀಜರಿನ ತಳದಲ್ಲಿ, ಅಳಿಲುಗಳ ಪೆಟ್ಟಿಗೆಯಲ್ಲಿ, ಆ ಸಂಖ್ಯೆಯ ಸೀಸೆ ಸಿಕ್ಕಿತು. ತಳದಲ್ಲಿ ಒಂದೆರಡು ಹನಿ ಹಳದಿ ಮಂಜು. ಅಕ್ಕ ಅದನ್ನು ಎರಡೂ ಅಂಗೈ ನಡುವೆ ಹಿಡಿದು ಕರಗಿಸಿದಳು. ನಿಯಮದಲ್ಲಿ ಹಾಗಿಲ್ಲ, ಆದರೆ ಅವಳಿಗೆ ಯಾರು ಹೇಳಬೇಕು?

ಒಂಬತ್ತನೆಯ ದಿನ ಬೆಳಿಗ್ಗೆ ಅವಳು ಹಲಗೆ ತೆಗೆಯಲಿಲ್ಲ. ತನ್ನ ಕಣ್ಣಿನ ಮೇಲೆ ನಂಬಿಕೆಯಿಲ್ಲ, ನೀನೇ ಓದು ಎಂದು ಕಂಡಿಯಿಂದ ನನಗೆ ದಾಟಿಸಿದಳು. ದೀಪಕ್ಕೆ ಹಿಡಿದೆ. ಕುರಿಯ ಕುಳಿಯಲ್ಲಿ ಚಾಪೆ. ಅಕ್ಕನ ಹಳೆಯ ರಕ್ತದ ಕುಳಿಯಲ್ಲಿ ಚುಕ್ಕೆ. ನಡುವಿನದರಲ್ಲಿ ತಳದ ತುಂಬ, ಅಂಚಿನವರೆಗೆ, ಚಾಪೆ. ಮೂರು ಸಲ ಓದಿದೆ. ಮೇಡಂ ಬಂದು ಓದಿದರು. ತಿಂಗಳಿಡೀ ತಲೆಕೆಳಗಾಗಿ ಓದಿದ ನಾನು ಅದೊಂದನ್ನು ಮಾತ್ರ ಹೇಗೆ ಸರಿಯಾಗಿ ಬರೆದಿದ್ದೆನೋ ನನಗೇ ಗೊತ್ತಿಲ್ಲ. ಆಮೇಲೆ ಆಸ್ಪತ್ರೆಯವರು ತಮ್ಮದೇ ಪರೀಕ್ಷೆ ಮಾಡಿ, ಇದು ಹಳೆಯ ಸೋಂಕು, ಮಗುವಿಗೆ ಭಯವಿಲ್ಲ ಎಂದು ಬರೆದು ಕೊಟ್ಟರು. ಹಾಗಾದರೆ ಒಂದೇ ಮನೆಯಲ್ಲಿ ಒಂದೇ ಅನ್ನ ತಿಂದ ತಾಯಿಗೆ ಇಷ್ಟು ವರ್ಷ ತಗುಲದ್ದು ಮಗಳಿಗೆ ಹತ್ತರೊಳಗೇ ಹೇಗೆ ತಗುಲಿತು, ಈಗ ತಾಯಿಗೆ ಎಲ್ಲಿಂದ ಬಂತು, ಇವತ್ತಿಗೂ ನಮಗೆ ಗೊತ್ತಿಲ್ಲ. ಕೇಳಿದವರಿಗೆ ಅಕ್ಕ ಗೊತ್ತಿಲ್ಲ ಎಂದೇ ಹೇಳುತ್ತಾಳೆ. ಮನೆ ಶುದ್ಧ ಎಂಬ ಮಾತು ಎತ್ತುವುದಿಲ್ಲ.

ಆ ದಿನ ಹಲಗೆ ಓದಿದ ಕೂಡಲೇ ಅವಳು ನನ್ನ ಕೊರಳಪಟ್ಟಿ ಹಿಡಿದು ಮನೆಗೆ ಎಳೆದುಕೊಂಡು ಹೋದಳು, ನಿನ್ನ ಬಾಯಲ್ಲೇ ಹೇಳು ಎಂದು. ಮಗಳು ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದಳು. ನಾನು ಸೂಜಿಯಿಂದ ಶುರುಮಾಡಿ ಸೀಸೆಯವರೆಗೆ ಹೇಳಿದೆ. ಉಳಿದದ್ದನ್ನು, ಕೈತೋಟ, ಸುಳ್ಳು, ಕದ್ದ ರಕ್ತ, ಎಲ್ಲವನ್ನೂ ಅಕ್ಕ ತಾನೇ ಹೇಳಿದಳು. ತನ್ನನ್ನು ಸಸ್ತನಿ ಎಂದು ಬರೆದದ್ದಕ್ಕೆ ಮಗಳು ನಗಬಹುದೆಂದುಕೊಂಡಿದ್ದೆ, ನಗಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೇಳಿಸಿಕೊಂಡಳು. ಕೊನೆಗೆ ಅಕ್ಕ, ಇನ್ನು ಹೆದರಿಕೆಯಿಲ್ಲ ಮಗಳೇ, ಎಲ್ಲ ಸರಿಯಾಯಿತು ಎಂದಳು.

“ಸೂಜಿ ಚುಚ್ಚೋಕೆ ಬಿಟ್ರೆ ನೀನು ಒಂಬತ್ತು ದಿನದಿಂದ ನನ್ನ ಮುಟ್ಟಿಲ್ಲಮ್ಮ” ಎಂದಳು ಮಗಳು. “ನಿಂಗೆ ಈ ಮಗು ಬೇಡ ಅನ್ಕೊಂಡೆ. ಇದನ್ನ ನನ್ನೊಳಗೆ ಇಟ್ಕೊಂಡು ದಿನಾ ಅತ್ತಿದೀನಿ. ಅದು ಮಗೂಗೆ ತಾಗಿರಲ್ವಾ? ಅದಕ್ಕೆ ಯಾವ ಪರೀಕ್ಷೆ ಇದೆ ನಿನ್ನ ಹತ್ರ?”

ಮುಟ್ಟಿದರೆ ದಾಟುವುದಿಲ್ಲ ಎಂದು ಇಪ್ಪತ್ತು ವರ್ಷ ಊರಿಗೆಲ್ಲ ಹೇಳಿದವಳು ಬಾಗಿಲ ಹತ್ತಿರ ನಿಂತ ನನ್ನ ಕಡೆ ಒಮ್ಮೆ ನೋಡಿದಳು, ನನಗೇನಾದರೂ ಗೊತ್ತಿರಬಹುದು ಎಂಬಂತೆ. ಆಮೇಲೆ ಮೇಜನ್ನು ಸುತ್ತಿ ಹೋಗಿ ಮಗಳ ಹಿಂದೆ ನಿಂತು, ಅವಳ ಜಡೆ ಬಿಚ್ಚಿ, ಸಿಕ್ಕುಗಳನ್ನು ಬೆರಳಿನಿಂದಲೇ ಬಿಡಿಸತೊಡಗಿದಳು. ಮಗಳು ತಲೆಯನ್ನು ಹಿಂದಕ್ಕೆ ಕೊಡಲೂ ಇಲ್ಲ, ಎಳೆದುಕೊಳ್ಳಲೂ ಇಲ್ಲ. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆ.